ವಸಡಿನ ಕೀವಿಗೆ ಮಾತ್ರೆ ನುಂಗುವ ಮೊದಲು

ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ಡ್ರಾಯರ್‌ನಲ್ಲಿ ಒಂದು ಹಳೇ ಬಿಸ್ಕತ್ ಡಬ್ಬಿ ಇತ್ತು. ಅದರ ತುಂಬ ಅರ್ಧಂಬರ್ಧ ಮಾತ್ರೆ ಸ್ಟ್ರಿಪ್‌ಗಳು. ಒಂದರಲ್ಲಿ ನಾಲ್ಕು ಉಳಿದಿದ್ದರೆ ಇನ್ನೊಂದರಲ್ಲಿ ಎರಡು. ವಸಡು ಊದಿಕೊಂಡಾಗಲೆಲ್ಲ ನಾನು ಬೀದಿ ಕೊನೆಯ ಮೆಡಿಕಲ್ ಶಾಪಿಗೆ ಹೋಗಿ "ಹಲ್ಲುನೋವಿಗೆ ಏನಾದ್ರೂ ಕೊಡಿ" ಎನ್ನುತ್ತಿದ್ದೆ. ಮೂರು ದಿನಕ್ಕಾಗುವಷ್ಟು ಕತ್ತರಿಸಿ ಕೊಡುತ್ತಿದ್ದರು. ಎರಡನೇ ದಿನಕ್ಕೆ ಊತ ಇಳಿಯುತ್ತಿತ್ತು. ಉಳಿದದ್ದು ಡಬ್ಬಿಗೆ. ನಾಲ್ಕೈದು ತಿಂಗಳಿಗೆ ಮತ್ತೆ ಅದೇ ಜಾಗ, ಬಲಗಡೆಯ ಕೆಳಗಿನ ದವಡೆಹಲ್ಲು. ಹೀಗೇ ಮೂರು ವರ್ಷ ಕಳೆಯಿತು. ಕೊನೆಗೊಂದು ಸಲ ಐದು ದಿನ ನುಂಗಿದರೂ ಊತ ಜಗ್ಗಲಿಲ್ಲ.

ಆಗ ಹೋದೆ ಹಲ್ಲಿನ ಡಾಕ್ಟರ್ ಹತ್ತಿರ. ಬಾಯಿ ನೋಡಿದ ಮೇಲೆ ಡಾಕ್ಟರಮ್ಮ "ನಾಳೆ ಬರುವಾಗ ಮನೇಲಿರೋ ಮಾತ್ರೆಗಳನ್ನೆಲ್ಲ ತನ್ನಿ" ಎಂದರು. ಮರುದಿನ ಡಬ್ಬಿ ಸುರಿದು, ಇಸ್ಪೀಟ್ ಎಲೆ ಜೋಡಿಸುವ ಹಾಗೆ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಜೋಡಿಸಿದರು. ಅಮಾಕ್ಸಿಸಿಲಿನ್ ಒಂದು ಸಾಲು. ಮೆಟ್ರೊನಿಡಜೋಲ್ ಒಂದು ಸಾಲು. ಅಜಿತ್ರೋಮೈಸಿನ್ ಒಂದು. ಆಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಸೇರಿಸಿದ್ದು ಎರಡು. ಎಲ್ಲವೂ ಆಂಟಿಬಯಾಟಿಕ್, ಅಂದರೆ ಬ್ಯಾಕ್ಟೀರಿಯಾ ವಿರುದ್ಧದ ಔಷಧ. "ಇಷ್ಟೂ ತಗೊಂಡಿದ್ದೀರಿ. ಹಲ್ಲಿನ ಬುಡ ಮಾತ್ರ ಒಂದು ಸಲಾನೂ ಕ್ಲೀನ್ ಮಾಡಿಸಿಲ್ಲ, ಅಲ್ವಾ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಂಥ ಡಬ್ಬಿ ನಮ್ಮ ಮನೆಯಲ್ಲಿ ಮಾತ್ರ ಇದ್ದದ್ದಲ್ಲ ಎಂದು ಆಮೇಲೆ ಗೊತ್ತಾಯಿತು. ನಾನು ಡಾಕ್ಟರ್ ಅಲ್ಲ, ಪೇಶೆಂಟು. ಮೂರು ವರ್ಷ ತಪ್ಪು ದಾರಿಯಲ್ಲಿ ನಡೆದು, ಆಮೇಲೆ ಓದಿ, ಕೇಳಿ, ಕುರ್ಚಿಯಲ್ಲಿ ಬಾಯಿ ತೆರೆದು ಕೂತು ಕಲಿತದ್ದನ್ನು ವರಸೆಯಾಗಿ ಬರೆದಿದ್ದೇನೆ.

ಇವು ಕಂಡರೆ ಓದುವುದು ಆಮೇಲೆ, ಮೊದಲು ಆಸ್ಪತ್ರೆ

ಮುಖ ಅಥವಾ ಗದ್ದದ ಕೆಳಗೆ ಊತ ಹಬ್ಬುತ್ತಿದ್ದರೆ, ಜ್ವರ ಬಂದಿದ್ದರೆ, ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ, ಎಂಜಲು ನುಂಗಲು ಕಷ್ಟವಾದರೆ, ಉಸಿರಾಡಲು ತೊಡಕಾದರೆ ಕಾಯಬೇಡಿ. ರಾತ್ರಿಯಾಗಿದ್ದರೂ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ನಾಲಿಗೆಯ ಕೆಳಗೆ, ಕುತ್ತಿಗೆ ಕಡೆಗೆ ಹಬ್ಬಿದ ಸೋಂಕು ಉಸಿರಿನ ದಾರಿಯನ್ನೇ ಮುಚ್ಚಬಹುದು. ಇಂಥ ಹೊತ್ತಲ್ಲಿ ಆಂಟಿಬಯಾಟಿಕ್ ಬೇಕೇ ಬೇಕು, ಅದೂ ತಕ್ಷಣ. ಈ ಔಷಧಗಳು ಇಂಥ ದಿನಕ್ಕೆ ಕೆಲಸ ಮಾಡಲಿ ಎಂದೇ ಉಳಿದ ದಿನಗಳಲ್ಲಿ ಕೈಬಿಗಿ ಹಿಡಿಯಬೇಕು.

ಕನ್ನಡಿ ಮುಂದೆ ಎರಡು ನಿಮಿಷ

ಒಳ್ಳೆ ಬೆಳಕಲ್ಲಿ ತುಟಿ ಎತ್ತಿ ನೋಡಿ. ಆರೋಗ್ಯವಾಗಿರುವ ವಸಡು ಹಲ್ಲಿಗೆ ಬಿಗಿಯಾಗಿ ಅಂಟಿರುತ್ತದೆ, ಉಜ್ಜಿದರೆ ರಕ್ತ ಬರುವುದಿಲ್ಲ. ರಕ್ತ, ಊತ, ಕೆಂಪು ಅಂಚು ಇದ್ದರೆ ಅದು ಶುರುವಿನ ಹಂತ. ಆ ಹಂತದಲ್ಲಿ ಸರಿಯಾಗಿ ಕ್ಲೀನ್ ಮಾಡಿದರೆ ವಸಡು ಮೊದಲಿನ ಹಾಗೇ ಆಗುತ್ತದೆ.

ಮುಂದಿನ ಹಂತ ಬೇರೆಯೇ. ವಸಡು ಹಿಂದೆ ಸರಿದು ಹಲ್ಲು ಉದ್ದವಾದ ಹಾಗೆ ಕಾಣುತ್ತದೆ. ಹಲ್ಲಿನ ನಡುವೆ ಹೊಸ ಸಂದು ಬೀಳುತ್ತದೆ. ಒತ್ತಿದರೆ ಕೀವು ಬರುತ್ತದೆ. ಎಷ್ಟು ಉಜ್ಜಿದರೂ ಬಾಯಿ ವಾಸನೆ ಹೋಗುವುದಿಲ್ಲ. ಚಕ್ಕುಲಿ ಕಡಿದರೆ ಹಲ್ಲು ಅಲ್ಲಾಡುತ್ತದೆ. ಅಂದರೆ ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗುತ್ತಿದೆ. ಇದಕ್ಕೆ ಪೆರಿಯೊಡಾಂಟೈಟಿಸ್ ಎನ್ನುತ್ತಾರೆ. ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳುವುದೇ ಕೆಲಸ.

ಬೀಡಿ ಸಿಗರೇಟು ಸೇದುವವರಿಗೆ ಒಂದು ಮಾತು. ನಿಮ್ಮ ವಸಡಿನಿಂದ ರಕ್ತ ಬರದಿರಬಹುದು. ಹೊಗೆ ಅಲ್ಲಿನ ರಕ್ತನಾಳಗಳನ್ನು ಹಿಂಡಿಬಿಡುತ್ತದೆ, ಹಾಗಾಗಿ ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. ರಕ್ತ ಇಲ್ಲ ಎಂದು ನೆಮ್ಮದಿಯಾಗಿ ಇರಬೇಡಿ.

ಅಲ್ಲಿ ಯಾರಿದ್ದಾರೆ?

ಬಾವಿಯ ಮೆಟ್ಟಿಲಿನ ಪಾಚಿ ನೋಡಿದ್ದೀರಲ್ಲ? ಎಷ್ಟು ಕೊಡ ನೀರು ಸುರಿದರೂ ಹೋಗುವುದಿಲ್ಲ. ತೆಂಗಿನ ನಾರು ಹಿಡಿದು ತಿಕ್ಕಬೇಕು. ಹಲ್ಲಿನ ಮೇಲೆ ಕಟ್ಟುವುದೂ ಅಂಥದ್ದೇ. ಬ್ಯಾಕ್ಟೀರಿಯಾಗಳು ಒಂಟಿಯಾಗಿ ತೇಲುತ್ತಾ ಇರುವುದಿಲ್ಲ. ಹಲ್ಲಿಗೆ ಅಂಟಿ, ತಾವೇ ಉತ್ಪಾದಿಸಿದ ಗೋಂದಿನಂಥ ಪದರದೊಳಗೆ ಪದರ ಪದರವಾಗಿ ಊರು ಕಟ್ಟಿಕೊಂಡಿರುತ್ತವೆ. ಇದಕ್ಕೆ ಬಯೋಫಿಲ್ಮ್ ಎಂದು ಹೆಸರು. ನಮ್ಮ ಮಾತಲ್ಲಿ ಹಲ್ಲಿನ ಪಾಚಿ ಎನ್ನೋಣ. ತುಂಬ ದಿನ ಬಿಟ್ಟರೆ ಎಂಜಲಿನ ಕ್ಯಾಲ್ಸಿಯಂ ಕೂಡಿ ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.

ಇದನ್ನು ಮೊದಲು ಕಂಡವನು ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲೇವೆನ್‌ಹುಕ್. ತಾನೇ ಮಾಡಿಕೊಂಡ ಮಸೂರದಲ್ಲಿ ತನ್ನ ಹಲ್ಲಿನ ಸಂದಿನ ಬಿಳಿ ಹಿಟ್ಟನ್ನು ಇಟ್ಟು ನೋಡಿ, ಅದರಲ್ಲಿ ಪುಟ್ಟ ಜೀವಿಗಳು ಓಡಾಡುತ್ತಿವೆ ಎಂದು 1683ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಪತ್ರ ಬರೆದ. ಅದೇ ಪತ್ರದಲ್ಲಿ ಇನ್ನೊಂದು ವಿಷಯವೂ ಇದೆ. ಆತ ವಿನೆಗರ್‌ನಿಂದ ಬಾಯಿ ಮುಕ್ಕಳಿಸಿ ನೋಡಿದ್ದ. ಹಿಟ್ಟಿನ ಹೊರಮೈ ಮೇಲಿದ್ದವು ಮಾತ್ರ ಸತ್ತವು, ವಿನೆಗರ್ ಒಳಗೆ ಇಳಿಯಲೇ ಇಲ್ಲ ಎಂದು ಬರೆದ. ಆಂಟಿಬಯಾಟಿಕ್ ಎಂಬ ಪದ ಹುಟ್ಟುವುದಕ್ಕೆ ಎರಡೂವರೆ ಶತಮಾನ ಮೊದಲೇ, ನಮ್ಮ ಬಿಸ್ಕತ್ ಡಬ್ಬಿ ಯಾಕೆ ಸೋತಿತು ಅನ್ನುವುದಕ್ಕೆ ಆತ ಉತ್ತರ ಬರೆದಿಟ್ಟಿದ್ದ. ನಾನು ಓದಿರಲಿಲ್ಲ, ಅಷ್ಟೇ.

ಬಾಯಲ್ಲಿ ಒಟ್ಟು 700ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಗುರುತಿಸಿದ್ದಾರೆ. ಬಹುಪಾಲು ನಿರುಪದ್ರವಿಗಳು. ತೊಂದರೆ ಕೊಡುವ ಗುಂಪನ್ನು 1998ರಲ್ಲಿ ಬಾಸ್ಟನ್ನಿನ ಸಿಗ್ಮಂಡ್ ಸೊಕ್ರಾನ್ಸ್ಕಿ ಮತ್ತು ಸಂಗಡಿಗರು 185 ಜನರ ಬಾಯಿಂದ ತೆಗೆದ 13,000ಕ್ಕೂ ಹೆಚ್ಚು ಸ್ಯಾಂಪಲ್ ಪರೀಕ್ಷಿಸಿ ಬಣ್ಣಗಳಲ್ಲಿ ವಿಂಗಡಿಸಿದರು. ಹಲ್ಲು ಮತ್ತು ವಸಡಿನ ನಡುವಿನ ಆಳವಾದ ಸಂದುಗಳಲ್ಲಿ ಜೊತೆಯಾಗಿ ಸಿಕ್ಕ ಮೂರಕ್ಕೆ ಕೆಂಪು ಗುಂಪು ಎಂದು ಹೆಸರಿಟ್ಟರು. ಪೋರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲಾ ಫಾರ್ಸಿಥಿಯಾ, ಟ್ರೆಪೊನೀಮಾ ಡೆಂಟಿಕೋಲಾ. ಹೆಸರು ನೆನಪಿಟ್ಟುಕೊಳ್ಳಬೇಕಿಲ್ಲ. ಇವಕ್ಕೆ ಗಾಳಿ ಆಗುವುದಿಲ್ಲ, ಆಳವಾದ ಕತ್ತಲ ಸಂದೇ ಬೇಕು, ಅದು ನೆನಪಿದ್ದರೆ ಸಾಕು. ಸಂದು ಆಳವಾದಷ್ಟೂ ಇವು ಹೆಚ್ಚುತ್ತವೆ, ಇವು ಹೆಚ್ಚಿದಷ್ಟೂ ಸಂದು ಆಳವಾಗುತ್ತದೆ.

ಇನ್ನೊಂದು ಇದೆ, ಅಗ್ರೆಗೇಟಿಬ್ಯಾಕ್ಟರ್ ಎಂದು. ಸ್ವಲ್ಪ ಗಾಳಿ ಇದ್ದರೂ ಬದುಕುತ್ತದೆ. ಚಿಕ್ಕ ವಯಸ್ಸಿನಲ್ಲೇ ಹಲ್ಲು ಅಲ್ಲಾಡುವ ಕೆಲವರಲ್ಲಿ ಇದರ ಕೈವಾಡ ಇರುತ್ತದೆ. ಮೊರಾಕ್ಕೊದ ಹದಿಹರೆಯದ ಮಕ್ಕಳನ್ನು ಎರಡು ವರ್ಷ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ, ಇದರ ಒಂದು ಜೋರು ತಳಿ ಬಾಯಲ್ಲಿದ್ದ ಮಕ್ಕಳಿಗೆ ಮೂಳೆ ನಷ್ಟದ ಅಪಾಯ ಎಷ್ಟೋ ಪಟ್ಟು ಜಾಸ್ತಿ ಎಂದು ತೋರಿಸಿತು. ಇಪ್ಪತ್ತೈದು ವಯಸ್ಸಿಗೇ ಮುಂದಿನ ಹಲ್ಲು ಸಡಿಲವಾದರೆ "ನಮ್ಮ ವಂಶದಲ್ಲೇ ಹೀಗೆ" ಎಂದು ಬಿಡಬೇಡಿ. ವಸಡಿನ ತಜ್ಞರಿಗೆ ತೋರಿಸಿ.

ಮಾತ್ರೆಗೆ ಬಗ್ಗದಿರುವುದು ಹೇಗೆ

ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ನಾನು ತುಂಬ ದಿನ ಎರಡನ್ನೂ ಒಂದೇ ಎಂದುಕೊಂಡಿದ್ದೆ.

ಒಂದು, ಪಾಚಿಯ ಆಸರೆ. ಈ ಬ್ಯಾಕ್ಟೀರಿಯಾಗಳಲ್ಲಿ ವಿಶೇಷ ಶಕ್ತಿ ಏನೂ ಇರಬೇಕಿಲ್ಲ. ಗೋಂದಿನ ಪದರ ಔಷಧವನ್ನು ತಡೆಯುತ್ತದೆ. ತಳದಲ್ಲಿರುವವು ಅರೆನಿದ್ದೆಯಲ್ಲಿರುವ ಹಾಗೆ ನಿಧಾನವಾಗಿ ಬೆಳೆಯುತ್ತವೆ. ಎಷ್ಟೋ ಆಂಟಿಬಯಾಟಿಕ್‌ಗಳು ಚುರುಕಾಗಿ ಬೆಳೆಯುವವನ್ನೇ ಕೊಲ್ಲುವುದು. ಒಂಟಿ ಬ್ಯಾಕ್ಟೀರಿಯಾವನ್ನು ಸಾಯಿಸುವ ಪ್ರಮಾಣದ ನೂರಾರು ಪಟ್ಟು ಹಾಕಿದರೂ ಪಾಚಿಯೊಳಗಿನವು ಬದುಕಿದ ಉದಾಹರಣೆಗಳು ಲ್ಯಾಬ್‌ಗಳಲ್ಲಿವೆ. ಇದಕ್ಕೆ ಮದ್ದು ಇನ್ನೂ ಜೋರಾದ ಮಾತ್ರೆಯಲ್ಲ. ಪಾಚಿಯನ್ನು ಕೆರೆದು ತೆಗೆಯುವುದು.

ಎರಡನೆಯದೇ ನಿಜವಾದ ಪ್ರತಿರೋಧ. ಇಲ್ಲಿ ಬ್ಯಾಕ್ಟೀರಿಯಾವೇ ಬದಲಾಗಿರುತ್ತದೆ. ಪ್ರಿವೊಟೆಲ್ಲಾ ಎಂಬ ಜಾತಿಯ ಕೆಲವು, ಅಮಾಕ್ಸಿಸಿಲಿನ್ ಅನ್ನು ಕತ್ತರಿಸಿ ಹಾಕುವ ಕಿಣ್ವ ತಯಾರಿಸುತ್ತವೆ. ಆ ಕಿಣ್ವ ಸುತ್ತಲೂ ಹರಡಿ ಪಕ್ಕದವನ್ನೂ ಕಾಯುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಹೋಗಿ ಕೂರಬೇಕಾದ ಜಾಗಕ್ಕೆ ಇನ್ನು ಕೆಲವು ಕಾವಲು ಹಾಕಿಕೊಳ್ಳುತ್ತವೆ. ಮತ್ತೆ ಕೆಲವು ಒಳಗೆ ಬಂದ ಔಷಧವನ್ನು ಪಂಪ್ ಮಾಡಿ ಹೊರಗೆ ದಬ್ಬುತ್ತವೆ.

ಈ ಗುಟ್ಟುಗಳೆಲ್ಲ ಜೀನ್‌ಗಳಲ್ಲಿ ಬರೆದಿರುತ್ತವೆ. ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಹೆಪ್ಪಿಗೆ ಮೊಸರಿಲ್ಲ ಎಂದು ಪಕ್ಕದ ಮನೆಯಿಂದ ಒಂದು ಚಮಚ ಕೇಳಿ ತರುವುದಿಲ್ಲವೇ, ಹಾಗೆ. ಒಂದು ಚಮಚ ಬಂದರೆ ಬೆಳಗ್ಗೆಗೆ ಇಡೀ ಪಾತ್ರೆ ಮೊಸರು. ಪಾಚಿಯೊಳಗೆ ನೂರಾರು ಜಾತಿಗಳು ಗೋಡೆಗೆ ಗೋಡೆ ತಾಗಿಸಿಕೊಂಡು ಇರುವುದರಿಂದ ಈ ಕೊಡು-ತಗೊಳ್ಳುವಿಕೆ ಇನ್ನೂ ಸಲೀಸು. ನಾವು ಮೂರು ದಿನ ನುಂಗಿ ನಿಲ್ಲಿಸುವ ಮಾತ್ರೆ ಏನು ಮಾಡುತ್ತದೆ? ಬಗ್ಗುವವನ್ನು ಒಂದಿಷ್ಟು ಕೊಂದು, ಬಗ್ಗದವಕ್ಕೆ ಜಾಗ ಬಿಟ್ಟುಕೊಡುತ್ತದೆ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಕಡಿಮೆ ಪ್ರಮಾಣದಲ್ಲಿ ನುಂಗುವವರ ಬಗ್ಗೆ ಎಚ್ಚರಿಸಿದ್ದರು.

ಅಂಕಿ ಬೇಕೆನ್ನುವವರಿಗೆ ಒಂದು ಅಧ್ಯಯನ. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ವಸಡಿನ ಕಾಯಿಲೆ ಇದ್ದ 400 ಜನರ ಸಂದುಗಳಿಂದ ಸ್ಯಾಂಪಲ್ ತೆಗೆದು ಲ್ಯಾಬ್‌ನಲ್ಲಿ ಬೆಳೆಸಿದರು. ಸುಮಾರು 74% ಜನರಲ್ಲಿ, ಪರೀಕ್ಷಿಸಿದ ನಾಲ್ಕು ಔಷಧಗಳಲ್ಲಿ ಒಂದಕ್ಕಾದರೂ ಬಗ್ಗದ ರೋಗಕಾರಕ ಸಿಕ್ಕಿತು. ಡಾಕ್ಸಿಸೈಕ್ಲಿನ್‌ಗೆ 55%, ಅಮಾಕ್ಸಿಸಿಲಿನ್‌ಗೆ 43%, ಮೆಟ್ರೊನಿಡಜೋಲ್‌ಗೆ 30%. ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಎರಡಕ್ಕೂ ಬಗ್ಗದವು ಸಿಕ್ಕಿದ್ದು ಮಾತ್ರ 6.5% ಜನರಲ್ಲಿ. ಡಾಕ್ಟರ್‌ಗಳು ತೀವ್ರ ಕಾಯಿಲೆಗೆ ಈ ಎರಡನ್ನೂ ಜೊತೆಯಾಗಿ ಬರೆಯುವುದು ಯಾಕೆ ಎಂದು ಇದರಿಂದ ಅರ್ಥವಾಗುತ್ತದೆ. 1989ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಈ ಜೋಡಿಯನ್ನು ವರದಿ ಮಾಡಿದ್ದು ಆಗಲೇ ಹೇಳಿದ ಆ ಅಗ್ರೆಗೇಟಿಬ್ಯಾಕ್ಟರ್‌ಗಾಗಿ. ಮೆಟ್ರೊನಿಡಜೋಲ್ ಕೆಲಸ ಮಾಡುವುದು ಗಾಳಿ ಇಲ್ಲದ ಕಡೆ ಬದುಕುವವುಗಳ ಮೇಲೆ. ಉಳಿದದ್ದಕ್ಕೆ ಅಮಾಕ್ಸಿಸಿಲಿನ್ ಬೇಕು.

ಊರಿಂದ ಊರಿಗೆ ಇದು ಬದಲಾಗುತ್ತದೆ. ನೆದರ್‌ಲೆಂಡ್ಸ್ ಮತ್ತು ಸ್ಪೇನ್ ದೇಶಗಳ ರೋಗಿಗಳನ್ನು ಹೋಲಿಸಿದ 2005ರ ಅಧ್ಯಯನದಲ್ಲಿ, ಆಂಟಿಬಯಾಟಿಕ್ ಬಳಕೆ ಜಾಸ್ತಿ ಇದ್ದ ಸ್ಪೇನ್‌ನವರ ಬಾಯಲ್ಲೇ ಬಗ್ಗದ ಬ್ಯಾಕ್ಟೀರಿಯಾ ಜಾಸ್ತಿ ಸಿಕ್ಕವು. ನಮ್ಮಲ್ಲಿ ಬೇಧಿಗೂ ಹಲ್ಲುನೋವಿಗೂ ಒಂದೇ ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಮಾತ್ರೆ ಕೌಂಟರಿನ ಮೇಲೆ ಓಡಾಡುತ್ತದೆ. ಮುಂದಿನ ಲೆಕ್ಕ ನೀವೇ ಹಾಕಿ.

ಹೋಗುವ ಮೊದಲು ಒಂದು ಚೀಟಿ ಬರೆಯಿರಿ

ಡಾಕ್ಟರ್ ಕೇಳಿದಾಗ "ಯಾವುದೋ ಬಿಳಿ ಮಾತ್ರೆ" ಎಂದರೆ ಅವರಿಗೆ ಏನೂ ಉಪಯೋಗ ಇಲ್ಲ. ನಾನು ಹಾಗೇ ಹೇಳಿದ್ದೆ. ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಕಳೆದ ಆರು ತಿಂಗಳಲ್ಲಿ ಯಾವ ಆಂಟಿಬಯಾಟಿಕ್, ಎಷ್ಟು ದಿನ, ಯಾವುದಕ್ಕೆ. ಜ್ವರಕ್ಕೆ, ಗಂಟಲಿಗೆ, ಮೂತ್ರದ ಸೋಂಕಿಗೆ ತಗೊಂಡಿದ್ದೂ ಸೇರಲಿ. ಖಾಲಿ ಸ್ಟ್ರಿಪ್ ಇದ್ದರೆ ಅದನ್ನೇ ತಗೊಂಡು ಹೋಗಿ. ಪೆನ್ಸಿಲಿನ್ ಅಥವಾ ಬೇರೆ ಔಷಧಕ್ಕೆ ಮೈ ತುರಿಕೆ, ಗುಳ್ಳೆ, ಉಸಿರು ಕಟ್ಟಿದ್ದು ಆಗಿದೆಯೇ? ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆಯೇ? ಗರ್ಭಿಣಿಯೇ?

ಶುಗರ್ ಇದ್ದರೆ ಇತ್ತೀಚಿನ ಎಚ್‌ಬಿಎ1ಸಿ ರಿಪೋರ್ಟ್ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಜೊತೆಗಿರಲಿ. ಶುಗರ್ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದು ಕಷ್ಟ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2022ರ ಪರಿಶೀಲನೆ ಪ್ರಕಾರ, ವಸಡಿಗೆ ಚಿಕಿತ್ಸೆ ಮಾಡಿಸಿದ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.43 ಶೇಕಡಾ ಅಂಶದಷ್ಟು ಇಳಿಯುತ್ತದೆ. ಎಷ್ಟೋ ಜನರಿಗೆ ಇದು ಒಂದು ಮಾತ್ರೆ ಸೇರಿಸಿದಷ್ಟೇ ಬೆಲೆಬಾಳುವ ಇಳಿಕೆ.

ಖರ್ಚಿನ ಚಿಂತೆ ಇದ್ದರೆ ಹತ್ತಿರದ ಡೆಂಟಲ್ ಕಾಲೇಜಿನಲ್ಲಿ ವಿಚಾರಿಸಿ. ಅಲ್ಲಿ ವಸಡಿಗೇ ಪ್ರತ್ಯೇಕ ವಿಭಾಗ ಇರುತ್ತದೆ, ಪೆರಿಯೊ ಡಿಪಾರ್ಟ್‌ಮೆಂಟ್ ಎಂದು ಕೇಳಿ. ವಿದ್ಯಾರ್ಥಿಗಳು ಮಾಡುತ್ತಾರೆ, ಸೀನಿಯರ್‌ಗಳು ನೋಡಿಕೊಳ್ಳುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ದುಡ್ಡು ಕಡಿಮೆ ಆಗುತ್ತದೆ.

ಕುರ್ಚಿಯಲ್ಲಿ

ಮೊದಲು ಅಳತೆ. ಮಿಲಿಮೀಟರ್ ಗೆರೆ ಇರುವ ಸಪೂರ ಕಡ್ಡಿಯನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸುತ್ತಾರೆ. ಒಂದು ಹಲ್ಲಿಗೆ ಆರು ಕಡೆ. ಡಾಕ್ಟರಮ್ಮ ಅಂಕಿ ಹೇಳುತ್ತಾ ಹೋದರು, ಸಹಾಯಕಿ ಬರೆದುಕೊಳ್ಳುತ್ತಾ ಹೋದಳು. "ಎರಡು, ಎರಡು, ಮೂರು. ಮೂರು, ಎರಡು, ಮೂರು." ಲಾವಣಿ ಹಾಗೆ ಸಾಗುತ್ತಿತ್ತು. ಬಲಗಡೆ ಕೆಳಗೆ ಬಂದಾಗ ದನಿ ಸ್ವಲ್ಪ ನಿಧಾನವಾಯಿತು. "ಐದು. ಏಳು. ಏಳು." ಸಹಾಯಕಿ ತಲೆ ಎತ್ತಿ ನೋಡಿದಳು. ಬಾಯಿ ತೆರೆದಿದ್ದರಿಂದ ನಾನು ಏನೂ ಕೇಳುವ ಹಾಗಿರಲಿಲ್ಲ.

ಈ ಸಂದಿಗೆ ಪಾಕೆಟ್ ಎನ್ನುತ್ತಾರೆ. ಆಳ ಮೂರು ಮಿಲಿಮೀಟರ್‌ವರೆಗೆ ಸರಿ. ನಾಲ್ಕು, ಐದು ಬಂದರೆ ಕಾಯಿಲೆ. ಆರು ಮುಟ್ಟಿದರೆ ತೀವ್ರ. ಆರು ಮಿಲಿಮೀಟರ್ ಅಂದರೆ ಸುಮಾರು ಒಂದು ತೊಗರಿಬೇಳೆಯಷ್ಟು ಆಳ. ಅಷ್ಟು ಕೆಳಗೆ ಬ್ರಷ್ ಹೋಗುವುದಿಲ್ಲ, ಮೌತ್‌ವಾಶ್ ಇಳಿಯುವುದಿಲ್ಲ. ಆ ಅಂಕಿಗಳ ಚಾರ್ಟ್ ಮತ್ತು ಎಕ್ಸ್‌ರೇ ನಿಮ್ಮ ಆಸ್ತಿ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅಳತೆಯನ್ನೇ ಮಾಡದೆ ನೇರ ಮಾತ್ರೆ ಬರೆದರೆ "ಪಾಕೆಟ್ ಎಷ್ಟಿದೆ ಡಾಕ್ಟ್ರೇ?" ಎಂದು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಆಮೇಲೆ ಕ್ಲೀನಿಂಗ್. ಮಾಮೂಲಿ ಸ್ಕೇಲಿಂಗ್ ವಸಡಿನ ಮೇಲ್ಗಡೆಯ ಕಲ್ಲು ತೆಗೆಯುತ್ತದೆ. ತೀವ್ರ ಕಾಯಿಲೆಗೆ ಅದು ಸಾಲದು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ವಸಡಿನ ಕೆಳಗೆ, ಬೇರಿನ ಮೈ ಮೇಲೆ ಕೆರೆದು ನುಣುಪು ಮಾಡಬೇಕು. ಇದಕ್ಕೆ ರೂಟ್ ಪ್ಲೇನಿಂಗ್ ಎನ್ನುತ್ತಾರೆ. ಎರಡರಿಂದ ನಾಲ್ಕು ಸಲ ಹೋಗಬೇಕಾಗಬಹುದು. ಬಾವಿ ಮೆಟ್ಟಿಲನ್ನು ತೆಂಗಿನ ನಾರಿನಿಂದ ತಿಕ್ಕುವ ಕೆಲಸ ಇದೇ.

"ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ" ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಅವರ ಮಾತಲ್ಲಿ ಅರ್ಧ ಸತ್ಯ ಇದೆ. ಮೂಳೆ ಮೊದಲೇ ಕರಗಿರುತ್ತದೆ, ಆ ಕಲ್ಲು ಹಲ್ಲುಗಳ ನಡುವೆ ಸಿಮೆಂಟಿನ ಹಾಗೆ ಕೂತು ಹಿಡಿದುಕೊಂಡಿರುತ್ತದೆ. ಕಲ್ಲು ಹೋದಾಗ ಅಲ್ಲಾಟ ತಿಳಿಯುತ್ತದೆ. ಊತ ಇಳಿದು ಸಂದು ಕಾಣುತ್ತದೆ, ಕೆಲವು ವಾರ ತಣ್ಣೀರು ಜುಂ ಎನ್ನುತ್ತದೆ. ಸಡಿಲ ಮಾಡಿದ್ದು ಕ್ಲೀನಿಂಗ್ ಅಲ್ಲ, ಕಲ್ಲಿನಡಿ ಮೊದಲೇ ನಡೆದಿದ್ದ ಕಾಯಿಲೆ. ವಸಡು ಗುಣವಾಗುತ್ತಾ ಹೋದ ಹಾಗೆ ಎಷ್ಟೋ ಹಲ್ಲುಗಳು ಮತ್ತೆ ಬಿಗಿಯಾಗುತ್ತವೆ.

ಡಾಕ್ಟರ್ ಬರೆದ ಚೀಟಿಯಲ್ಲಿ ಆಂಟಿಬಯಾಟಿಕ್ ಇದ್ದರೆ

ಯುರೋಪಿನ ವಸಡು ತಜ್ಞರ ಒಕ್ಕೂಟ 2020ರಲ್ಲಿ ತಂದ ಮಾರ್ಗಸೂಚಿ ಇಷ್ಟು ಹೇಳುತ್ತದೆ: ಬೇರು ಕ್ಲೀನ್ ಮಾಡುವಾಗ ಎಲ್ಲರಿಗೂ ರೂಢಿಯಂತೆ ಆಂಟಿಬಯಾಟಿಕ್ ನುಂಗಿಸಬೇಡಿ. ಕೆಲವು ರೋಗಿಗಳಿಗೆ, ಉದಾಹರಣೆಗೆ ಚಿಕ್ಕ ವಯಸ್ಸಿನಲ್ಲಿ ಬಾಯಿ ತುಂಬ ತೀವ್ರವಾಗಿ ಹಬ್ಬಿದ್ದರೆ, ಯೋಚಿಸಬಹುದು. ಜ್ವರ, ಹಬ್ಬುವ ಊತ ಇದ್ದಾಗಲೂ ಬೇಕಾಗುತ್ತದೆ. ಒಂದೇ ಕಡೆ ಕೀವಿನ ಗುಳ್ಳೆ ಎದ್ದು ಮೈ ಚೆನ್ನಾಗಿದ್ದರೆ, ಕೀವು ತೆಗೆದು ಒಳಗೆ ತೊಳೆಯುವುದೇ ಚಿಕಿತ್ಸೆ. ಬಹಳ ಸಲ ಅಷ್ಟೇ ಸಾಕು.

ಹಾಗಾಗಿ ಚೀಟಿ ಕೈಗೆ ಬಂದಾಗ ಕೇಳಿ: ಇದು ಯಾಕೆ ಬೇಕು? ಕ್ಲೀನಿಂಗ್ ಯಾವಾಗ? ಎಷ್ಟು ದಿನ, ಯಾವ ಹೊತ್ತು? ನಾನು ಈ ಮೊದಲು ಇದನ್ನೇ ತಗೊಂಡಿದ್ದೇನೆ, ತೊಂದರೆ ಇಲ್ಲವೇ? ಮಾತ್ರೆಯನ್ನು ಕ್ಲೀನಿಂಗ್‌ಗೆ ಹೊಂದಿಸಿ ಶುರು ಮಾಡುವುದೇ ಪದ್ಧತಿ. ಪಾಚಿ ಒಡೆದಾಗಲೇ ಔಷಧಕ್ಕೆ ಒಳಗೆ ದಾರಿ ಸಿಗುವುದು. "ಮೊದಲು ಒಂದು ಕೋರ್ಸ್ ಮಾತ್ರೆ ಮುಗಿಸಿ ಬನ್ನಿ, ಆಮೇಲೆ ನೋಡೋಣ" ಎಂದರೆ ಕಾರಣ ಕೇಳಿ.

ಚಿಕಿತ್ಸೆ ಮಾಡಿಸಿಯೂ ಮತ್ತೆ ಮತ್ತೆ ಕೀವು ಬರುತ್ತಿದ್ದರೆ ಕಲ್ಚರ್ ಟೆಸ್ಟ್ ಬಗ್ಗೆ ಕೇಳಬಹುದು. ಸಣ್ಣ ಕಾಗದದ ಕಡ್ಡಿಯನ್ನು ಸಂದಿಗೆ ಇಳಿಸಿ ಸ್ಯಾಂಪಲ್ ತೆಗೆಯುತ್ತಾರೆ. ಯಾವುದು ಇದೆ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಲ್ಯಾಬ್ ಹೇಳುತ್ತದೆ. ಆದರೆ ಇವು ಗಾಳಿ ತಾಗಿದರೆ ಸಾಯುವ ಜಾತಿ. ಗಾಳಿ ಇಲ್ಲದ ಹಾಗೆ ಸಾಗಿಸಿ, ಗಾಳಿ ಇಲ್ಲದ ಪೆಟ್ಟಿಗೆಯಲ್ಲಿ ಬೆಳೆಸಬೇಕು. ಎಲ್ಲ ಲ್ಯಾಬ್‌ಗಳಲ್ಲೂ ಆಗುವ ಕೆಲಸವಲ್ಲ. ಎಲ್ಲರಿಗೂ ಬೇಕಾದ ಟೆಸ್ಟೂ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಆಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿದೆ. ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್, ಡಾಕ್ಸಿಸೈಕ್ಲಿನ್ ಮೊದಲು ಬಳಸಬಹುದಾದ ಗುಂಪಿನಲ್ಲಿವೆ. ಅಜಿತ್ರೋಮೈಸಿನ್, ಆಫ್ಲಾಕ್ಸಾಸಿನ್ ಕಣ್ಣಿಟ್ಟು ಬಳಸಬೇಕಾದ ಗುಂಪಿನಲ್ಲಿವೆ. ನನ್ನ ಡಬ್ಬಿಯಲ್ಲಿ ಈ ಎರಡನೇ ಗುಂಪಿನ ಮೂರು ಸ್ಟ್ರಿಪ್ ಇದ್ದವು, ಒಂದಕ್ಕೂ ಚೀಟಿ ಇರಲಿಲ್ಲ.

ನುಂಗುವಾಗ

ಎಷ್ಟು ಮಿಲಿಗ್ರಾಂ ಎಂದು ನಾನು ಬೇಕೆಂದೇ ಬರೆದಿಲ್ಲ. ಅದು ಚೀಟಿಯಲ್ಲಿ ಇರಬೇಕಾದ್ದು, ಲೇಖನದಲ್ಲಿ ಅಲ್ಲ.

ಅಂಗಡಿಯಲ್ಲಿ ಚೀಟಿಯಲ್ಲಿರುವಷ್ಟನ್ನೇ ಎಣಿಸಿ ತಗೊಳ್ಳಿ. ಏಳು ದಿನಕ್ಕೆ ದಿನಕ್ಕೆ ಮೂರು ಎಂದರೆ 21. ಸ್ಟ್ರಿಪ್ ಕತ್ತರಿಸಿ ಕೊಡುವ ಪದ್ಧತಿ ನಮ್ಮಲ್ಲಿದೆ, ಅದನ್ನೇ ಒಳ್ಳೆಯದಕ್ಕೆ ಬಳಸಿ. ಸ್ಟ್ರಿಪ್‌ನ ಹಿಂದೆ ಉದ್ದಕ್ಕೆ ಇರುವ ಕೆಂಪು ಗೆರೆ, ಚೀಟಿ ಇಲ್ಲದೆ ಕೊಳ್ಳಬಾರದ ಔಷಧ ಎಂಬುದರ ಗುರುತು. ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಈ ಗೆರೆಯನ್ನು ಜನರಿಗೆ ತಿಳಿಸಲೆಂದೇ ಪ್ರಚಾರ ನಡೆಸಿತು.

ಮೆಟ್ರೊನಿಡಜೋಲ್ ನುಂಗಿದರೆ ಬಾಯಿ ಲೋಹ ನೆಕ್ಕಿದ ಹಾಗಾಗುತ್ತದೆ. ಊಟ ರುಚಿಸುವುದಿಲ್ಲ, ಭಯ ಬೇಡ. ಮದ್ಯ ಮಾತ್ರ ಬೇಡವೇ ಬೇಡ, ಮಾತ್ರೆ ಮುಗಿದ ಮೇಲೂ ಎರಡು ಮೂರು ದಿನ. ಆಯುರ್ವೇದದ ಆಸವ, ಅರಿಷ್ಟಗಳಲ್ಲೂ ಮದ್ಯಸಾರ ಇರುತ್ತದೆ, ಅದನ್ನು ಯಾರೂ ನೆನಪಿಸುವುದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಮೊದಲೇ ಹೇಳಬೇಕು, ಎರಡೂ ಸೇರಿದರೆ ರಕ್ತಸ್ರಾವ ಹೆಚ್ಚಬಹುದು. ಡಾಕ್ಸಿಸೈಕ್ಲಿನ್ ಆದರೆ ಒಂದು ಲೋಟ ತುಂಬ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಗಂಟಲಲ್ಲಿ ಸಿಕ್ಕಿಕೊಂಡರೆ ಸುಟ್ಟ ಹಾಗೆ ಹುಣ್ಣಾಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಆಸಿಡಿಟಿ ಮಾತ್ರೆಗಳ ಜೊತೆ ಬೇಡ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಕೊಡುವಂಥದ್ದಲ್ಲ.

ಮೈ ಮೇಲೆ ಗುಳ್ಳೆ, ತುಟಿ ಊತ, ಉಸಿರುಗಟ್ಟುವುದು ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ. ಬರೀ ಹೊಟ್ಟೆ ತೊಳಸಿದರೆ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರ್‌ಗೆ ಫೋನ್ ಮಾಡಿ. ಉಳಿದದ್ದನ್ನು ತಂಗಿಗೆ, ಪಕ್ಕದ ಮನೆಯವರಿಗೆ ಕೊಡಬೇಡಿ.

ಮನೆಯ ಕೆಲಸ

ಡಾಕ್ಟರ್ ಕೆರೆದು ತೆಗೆದ ಪಾಚಿ ಮರುದಿನದಿಂದಲೇ ಮತ್ತೆ ಕಟ್ಟಲು ಶುರು ಮಾಡುತ್ತದೆ. ಮೆತ್ತನೆ ಬ್ರಷ್, ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಬ್ರಷ್ಷಿನ ತುದಿ ವಸಡಿನ ಅಂಚಿಗೆ ಓರೆಯಾಗಿ ತಾಗಲಿ, ಮೆಲ್ಲಗೆ ಅಲ್ಲಾಡಿಸಿ. ಪಾತ್ರೆ ಉಜ್ಜುವ ಹಾಗೆ ಎಳೆದಾಡಿದರೆ ವಸಡು ಸವೆಯುತ್ತದೆ. ಇದ್ದಿಲ ಪುಡಿ, ಬೂದಿ, ಕಲ್ಲುಪ್ಪು ಒರಟು, ಬಿಟ್ಟುಬಿಡಿ.

ನನಗೆ ಜಾಸ್ತಿ ಉಪಯೋಗವಾದದ್ದು ಸಂದಿನ ಬ್ರಷ್. ಬಾಟಲಿ ತೊಳೆಯುವ ಬ್ರಷ್ಷಿನ ಮರಿ ಹಾಗಿರುತ್ತದೆ, ಮೆಡಿಕಲ್ ಶಾಪಿನಲ್ಲಿ ಇಂಟರ್‌ಡೆಂಟಲ್ ಬ್ರಷ್ ಎಂದು ಕೇಳಿ. ಸೈಜ್ ಯಾವುದು ಎಂದು ಡಾಕ್ಟರ್ ಹತ್ತಿರವೇ ತೋರಿಸಿಕೊಳ್ಳಿ. ಸಂದಿನಲ್ಲಿ ಬಿಗಿಯಾಗಿ ಕೂರಬೇಕು, ತುರುಕಬಾರದು. ಮೊದಲ ವಾರ ರಕ್ತ ಬಂತು. ಬಿಡದೆ ಮಾಡಿದೆ, ಎರಡನೇ ವಾರಕ್ಕೆ ನಿಂತಿತು. ಸಂದು ತೀರ ಚಿಕ್ಕದಿದ್ದರೆ ಹಲ್ಲಿಗೆಂದೇ ಸಿಗುವ ದಾರ (ಫ್ಲಾಸ್) ಸಾಕು.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದುಕೊಟ್ಟರೆ ಹೇಳಿದಷ್ಟೇ ದಿನ, ಸಾಮಾನ್ಯವಾಗಿ ಎರಡು ವಾರ. ಪೇಸ್ಟ್ ಹಾಕಿ ಉಜ್ಜಿದ ತಕ್ಷಣ ಬೇಡ, ಅರ್ಧ ಗಂಟೆ ಬಿಡಿ. ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ಕಾಫಿ ಟೀ ಜಾಸ್ತಿ ಕುಡಿದರೆ ಇನ್ನೂ ಜೋರಾಗಿ. ವರ್ಷಗಟ್ಟಲೆ ಮುಕ್ಕಳಿಸುವ ವಸ್ತು ಅದಲ್ಲ. ಬೀಡಿ, ಗುಟ್ಕಾ, ಹೊಗೆಸೊಪ್ಪು ಬಿಡದಿದ್ದರೆ ಮೇಲಿನ ಎಲ್ಲ ಖರ್ಚಿನ ಅರ್ಧ ನೀರಿಗೆ ಹೋದ ಹಾಗೆ. ಎಲೆ ಅಡಿಕೆ ಹಾಕುವ ಅಭ್ಯಾಸ ಇದ್ದವರು ಅದನ್ನೂ ಡಾಕ್ಟರ್‌ಗೆ ಮುಚ್ಚಿಡಬೇಡಿ.

ಆರರಿಂದ ಹನ್ನೆರಡು ವಾರದೊಳಗೆ ಮತ್ತೆ ಅಳತೆ ಮಾಡಿಸಬೇಕು. ಮಾತ್ರೆ ಮುಗಿಯಿತು, ನೋವಿಲ್ಲ ಎಂದು ಹೆಚ್ಚಿನವರು ಇಲ್ಲೇ ಕೈಬಿಡುವುದು. ಇನ್ನೂ ಆರು ಮಿಲಿಮೀಟರ್ ಉಳಿದಿದ್ದರೆ ವಸಡು ಬಿಡಿಸಿ ಒಳಗೆ ಕ್ಲೀನ್ ಮಾಡುವ ಸರ್ಜರಿ ಬಗ್ಗೆ ಮಾತಾಡುತ್ತಾರೆ. ಅದಾದ ಮೇಲೂ ಮೂರರಿಂದ ಆರು ತಿಂಗಳಿಗೊಮ್ಮೆ ಕ್ಲೀನಿಂಗ್, ಜೀವನಪೂರ್ತಿ.

ನನ್ನ ಎರಡನೇ ಅಳತೆಗೆ ಹೋದದ್ದು ಹತ್ತನೇ ವಾರ. ಅದೇ ಕುರ್ಚಿ, ಅದೇ ಕಡ್ಡಿ, ಅದೇ ಸಹಾಯಕಿ. ಬಲಗಡೆ ಕೆಳಗೆ ಬಂದಾಗ ನಾನು ಕಣ್ಣು ಮುಚ್ಚಿದೆ. "ಮೂರು. ನಾಲ್ಕು. ನಾಲ್ಕು." ಪಕ್ಕದ ಹಲ್ಲು ಉಳಿಯಲಿಲ್ಲ, ಅದನ್ನು ಮೊದಲ ತಿಂಗಳೇ ಕಿತ್ತಿದ್ದರು. ಈ ಸಲ ನನಗೆ ಆಂಟಿಬಯಾಟಿಕ್ ಒಂದೂ ಬರೆದಿರಲಿಲ್ಲ. ಬಿಸ್ಕತ್ ಡಬ್ಬಿಯಲ್ಲಿ ಈಗ ಸಂದಿನ ಬ್ರಷ್‌ಗಳಿವೆ, ಎರಡು ಸೈಜಿನವು.